ಒಂದೇ ಕೀಡೆಗೆ ಎರಡು ರೋಗ

ಕಡಲೆ ಗಿಡದ ತುದಿಗೆ ಕೀಡೆಯೊಂದು ತಲೆಕೆಳಗಾಗಿ ಜೋತುಬಿದ್ದಿದ್ದರೆ ಮುಟ್ಟಿ ನೋಡಿ. ಚರ್ಮ ಹರಿದು ಕಂದು ನೀರು ಸುರಿದರೆ ಅದು ಎನ್‌ಪಿವಿ (ನ್ಯೂಕ್ಲಿಯರ್ ಪಾಲಿಹೆಡ್ರೋಸಿಸ್ ವೈರಸ್) ಎಂಬ ನಂಜಾಣುವಿನಿಂದ ಸತ್ತ ಕಾಯಿಕೊರಕ. ಮಳೆಗಾಲದ ಸೋಯಾ ಹೊಲದಲ್ಲಿ ಕಾಣುವುದೇ ಬೇರೆ. ಎಲೆ ತಿನ್ನುವ ಸ್ಪೊಡೊಪ್ಟೆರಾ ಕೀಡೆ ಸೀಮೆಸುಣ್ಣದ ತುಂಡಿನಂತೆ ಬೆಳ್ಳಗೆ ಸೆಟೆದಿರುತ್ತದೆ, ಆಮೇಲೆ ಮೈತುಂಬ ತಿಳಿಹಸಿರು ಪುಡಿ ಮೂಡುತ್ತದೆ. ಅದು ನೊಮೂರಿಯಾ ಶಿಲೀಂಧ್ರದ ಕೆಲಸ. ಈಗ ಅದಕ್ಕೆ ಮೆಟಾರೈಜಿಯಂ ರಿಲೇಯಿ ಎಂಬ ಹೆಸರಿದೆ. ಈ ನಂಜಾಣು, ಶಿಲೀಂಧ್ರ ಎರಡನ್ನೂ ಜೈವಿಕ ಕೀಟನಾಶಕವಾಗಿ ಹೊಡೆಯುತ್ತಾರೆ.

"ಎರಡೂ ಕೂಡಿಸಿ ಹೊಡದ್ರ ಲಗೂ ಸಾಯ್ತಾವೇನ್ರೀ ಸರ?" ಧಾರವಾಡದ ಕಡೆ ಹೋದಾಗೆಲ್ಲ ಈ ಪ್ರಶ್ನೆ ಬರುತ್ತದೆ. ಸಾಯಬಹುದು. ಆದರೂ ನಾನು ಬೇಡ ಎನ್ನುತ್ತೇನೆ.

ನಂಜಾಣು ಎಲೆಯ ಜೊತೆ ಹೊಟ್ಟೆಗೆ ಹೋಗಲೇಬೇಕು. ಕೀಡೆಯ ಕರುಳಿನ ಕ್ಷಾರದಲ್ಲಿ ಅದರ ಹೊರಕವಚ ಕರಗುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಜೀವಂತ ಕೋಶಗಳು ಬೇಕು, ಹಲವು ದಿನ ಬೇಕು. ಶಿಲೀಂಧ್ರವನ್ನು ಕೀಡೆ ತಿನ್ನಬೇಕಿಲ್ಲ. ಬೀಜಕ ಚರ್ಮಕ್ಕೆ ಅಂಟಿ, ತೇವ ಸಿಕ್ಕರೆ ಮೊಳೆತು ಒಳಗೆ ಕೊರೆಯುತ್ತದೆ. ಹೀಗೆ ಎರಡೂ ಒಂದೇ ಮೈಯೊಳಗೆ ಸೇರಿದಾಗ ಯಾವುದು ಮೊದಲು ಬಂತು ಎನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ನಂಜಾಣು ಇನ್ನೂ ಹೆಚ್ಚುವ ಮೊದಲೇ ಶಿಲೀಂಧ್ರ ಕೀಡೆಯನ್ನು ಕೊಂದರೆ, ಮೈ ಗಟ್ಟಿಯಾಗಿ ಒಣಗುತ್ತದೆ. ಒಡೆದು ಎಲೆಯ ಮೇಲೆ ಸುರಿಯುವುದಿಲ್ಲ, ಮುಂದಿನ ಕೀಡೆಗೆ ನಂಜು ಅಂಟುವುದೂ ಕಡಿಮೆ. ನಂಜಾಣು ಮುಂದಿದ್ದರೆ ಮೈ ಕರಗಿ ನೀರಾಗುತ್ತದೆ, ಶಿಲೀಂಧ್ರಕ್ಕೆ ಬೀಜಕ ಬಿಡಲು ಗಟ್ಟಿ ಮೈಯೇ ಉಳಿಯುವುದಿಲ್ಲ. ಹೊಲದಲ್ಲಿ ರೋಗ ತಾನಾಗಿ ಹಬ್ಬಲಿ ಎಂದಲ್ಲವೇ ನಾವು ಜೈವಿಕ ಕೀಟನಾಶಕ ಹೊಡೆಯುವುದು?

ಅದಕ್ಕೇ ನಾನು ಹಂಗಾಮು ನೋಡುತ್ತೇನೆ. ಮುಂಗಾರಿನ ಸೋಯಾ, ಶೇಂಗಾಕ್ಕೆ ಶಿಲೀಂಧ್ರ. ಆ ದಿನಗಳಲ್ಲಿ ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕವನ್ನು ಅದರ ಜೊತೆ ಬೆರೆಸಿದರೆ ದುಡ್ಡು ಕೊಟ್ಟು ತಂದದ್ದನ್ನು ನಾವೇ ಕೊಂದಂತೆ. ಹಿಂಗಾರಿನ ಒಣಹವೆಯಲ್ಲಿ ಕಡಲೆ, ತೊಗರಿಗೆ ಎನ್‌ಪಿವಿ: ಹೆಕ್ಟೇರಿಗೆ 250 ಎಲ್‌ಇ (ಒಂದು ಎಲ್‌ಇ ಎಂದರೆ ರೋಗದಿಂದ ಸತ್ತ ಒಂದು ಕೀಡೆಯಲ್ಲಿ ಸಿಗುವಷ್ಟು ನಂಜಾಣು), ಸ್ವಲ್ಪ ಬೆಲ್ಲ ಕರಗಿಸಿ, ಕೀಡೆ ಸಣ್ಣದಿರುವಾಗ, ಸಂಜೆ ಹೊತ್ತು. ಬಿಸಿಲಿನ ನೇರಳಾತೀತ ಕಿರಣಕ್ಕೆ ನಂಜಾಣು ಬೇಗ ಸಾಯುತ್ತದೆ, ಸಂಜೆ ಎನ್ನುವುದು ಅದಕ್ಕೇ.

ಜೋತುಬಿದ್ದ ಕೀಡೆ ಆರಿಸಿ, ಅರೆದು ಸೋಸಿ ಮತ್ತೆ ಹೊಡೆಯುವ ರೈತರಿದ್ದಾರೆ. ಒಳ್ಳೆಯ ಪದ್ಧತಿ. ಬೆಳ್ಳಗೆ ಸೆಟೆದವನ್ನು ಮಾತ್ರ ಅದಕ್ಕೆ ಸೇರಿಸಬೇಡಿ. ಗಿಡದ ಮೇಲೇ ಇರಲಿ, ಹಸಿರು ಪುಡಿ ಗಾಳಿಗೆ ಹಾರಲಿ.