ಡಿಸ್ಲೆಕ್ಸಿಯಾ: ತೊಡಕು ಕಣ್ಣಿನಲ್ಲಲ್ಲ, ಸದ್ದಿನಲ್ಲಿ

ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವುದರಲ್ಲಿ ಆಗುವ ತೊಡಕು. ಆ ಹೆಸರು ಕೇಳಿದ ಕೂಡಲೇ "ಅಕ್ಷರ ಉಲ್ಟಾ ಕಾಣುವ ತೊಂದರೆ" ಅಂತ ಬರೆದುಬಿಡುತ್ತೇವೆ. ನನ್ನ ಹಳೇ ನೋಟ್ಸಿನಲ್ಲೂ ಹಾಗೇ ಇತ್ತು. ಈಗ ಆ ಸಾಲು ಹೊಡೆದುಹಾಕಿ ಹೊಸದಾಗಿ ಬರೆಯುತ್ತಿದ್ದೇನೆ.

1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಹೆಸರು ಪರ್ಸಿ. ಚುರುಕು ಹುಡುಗ. 749ನ್ನು 867ರಿಂದ ಗುಣಿಸು ಅಂದರೆ ಬೇಗನೆ ಸರಿಯಾದ ಉತ್ತರ ಕೊಡುತ್ತಿದ್ದ. ಆದರೆ ತನ್ನ ಹೆಸರನ್ನೇ 'ಪ್ರೆಸಿ' ಅಂತ ಬರೆಯುತ್ತಿದ್ದ. ಕಣ್ಣಿನದೇ ತೊಂದರೆ ಆಗಿದ್ದರೆ ಅಂಕಿಗಳೂ ಕಲಸಿಹೋಗಬೇಕಿತ್ತು, ಅಲ್ವಾ? ಮೆದುಳಿನ ಎಡಭಾಗದಲ್ಲಿ, ಹಿಂದುಗಡೆಯ ಒಂದು ಮಡಿಕೆ ಸರಿಯಾಗಿ ಬೆಳೆದಿಲ್ಲ ಎಂದು ಮಾರ್ಗನ್ ಊಹಿಸಿದರು. ಪದದ ರೂಪ ನೆನಪಿನಲ್ಲಿ ನಿಲ್ಲುವುದಿಲ್ಲ ಎಂಬ ಅವರ ವಿವರಣೆ ಇವತ್ತು ನಿಲ್ಲುವುದಿಲ್ಲ. ಆದರೆ ಅವರು ಬೊಟ್ಟು ಮಾಡಿದ ಜಾಗ ಮಾತ್ರ ಅಷ್ಟೇನೂ ದೂರದಲ್ಲಿರಲಿಲ್ಲ. ಸ್ಕ್ಯಾನರ್ ಬರುವುದಕ್ಕೆ ಎಷ್ಟೋ ದಶಕ ಮುಂಚಿನ ಮಾತು ಇದು.

ಓದುವಾಗ ಮೆದುಳು ಮಾಡುವ ಕೆಲಸ

ಮಾತು ಬಹಳ ಹಳೆಯದು. ಬರಹಕ್ಕೆ ಸುಮಾರು 5000 ವರ್ಷ ವಯಸ್ಸು, ಅಷ್ಟೇ. ಹಾಗಾಗಿ ಓದಿಗೆಂದೇ ಹುಟ್ಟಿನಿಂದ ಬಂದ ಜಾಗ ಮೆದುಳಿನಲ್ಲಿಲ್ಲ. ಬೇರೆ ಕೆಲಸಕ್ಕಿದ್ದ ಜಾಗಗಳನ್ನೇ ಅದು ಜೋಡಿಸಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಈ ಜೋಡಣೆ ಎಡಭಾಗದಲ್ಲಿ ಆಗುತ್ತದೆ.

ಹಿಂದೆ, ಕೆಳಗಡೆ ಇರುವ ಒಂದು ಜಾಗ ಪದವನ್ನು ನೋಡಿದ ತಕ್ಷಣ ಗುರುತು ಹಿಡಿಯುತ್ತದೆ. ಓದು ಕಲಿಯುವ ಮುಂಚೆ ಇದೇ ಜಾಗ ವಸ್ತುಗಳನ್ನು, ಮುಖಗಳನ್ನು ಗುರುತಿಸುವುದರಲ್ಲಿ ತೊಡಗಿರುತ್ತದೆ. ಕಿವಿಯ ಮೇಲ್ಭಾಗದಿಂದ ಸ್ವಲ್ಪ ಹಿಂದಕ್ಕೆ ಇರುವ ಎರಡನೇ ಜಾಗ ಅಕ್ಷರಕ್ಕೂ ಸದ್ದಿಗೂ ಗಂಟು ಹಾಕುತ್ತದೆ. ಮುಂದೆ ಇರುವ ಬ್ರೋಕಾ ಭಾಗಕ್ಕೆ ಉಚ್ಚಾರಣೆಯ ಕೆಲಸ.

ಎರಡನೇ ಜಾಗದ ಹತ್ತಿರ ಸ್ವಲ್ಪ ನಿಲ್ಲೋಣ. 'ಮರ' ಅಂತ ಹೇಳಿ. ಮೊದಲ ಸದ್ದು 'ಮ್' ತೆಗೆದು 'ಸ್' ಹಾಕಿ. 'ಸರ' ಬಂತು. ಸುಲಭ ಅನಿಸಿತು. ಆದರೆ ಇದಕ್ಕೆ 'ಮ' ಎಂಬ ಒಂದು ಅಕ್ಷರವನ್ನು ಮನಸ್ಸಿನಲ್ಲೇ 'ಮ್' ಮತ್ತು 'ಅ' ಎಂದು ಸೀಳಬೇಕು. ಬಾಯಲ್ಲಿ ಇವೆರಡೂ ಬೇರೆಬೇರೆಯಾಗಿ ಬರುವುದಿಲ್ಲ, ಒಂದೇ ಉಸಿರಿನಲ್ಲಿ ಬೆಸೆದುಕೊಂಡಿರುತ್ತವೆ. ಡಿಸ್ಲೆಕ್ಸಿಯಾ ಇರುವ ಬಹಳ ಮಕ್ಕಳಿಗೆ ಈ ಸೀಳುವ ಕೆಲಸವೇ ಕಷ್ಟ. ಎದುರಿಗೆ ಪುಸ್ತಕ ಇಲ್ಲದಿದ್ದರೂ, ಬರೀ ಬಾಯಿಮಾತಿನಲ್ಲಿ ಕೇಳಿದರೂ ಕಷ್ಟ. ಅಕ್ಷರ ಉಲ್ಟಾ ಕಾಣುವ ಕಥೆ ಇಲ್ಲಿಗೇ ಬಿದ್ದುಹೋಗುತ್ತದೆ. 'ಬ', 'ಭ' ಅದಲುಬದಲು ಮಾಡುವುದು ಓದು ಕಲಿಯುವ ಎಲ್ಲ ಮಕ್ಕಳಲ್ಲೂ ಇದ್ದದ್ದೇ.

ಸ್ಕ್ಯಾನ್ ಏನು ತೋರಿಸಿತು?

1998ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸ್ಯಾಲಿ ಮತ್ತು ಬೆನೆಟ್ ಶೇವಿಟ್ಸ್ ತಂಡ ಎಫ್‌ಎಂಆರ್‌ಐ (ಮೆದುಳಿನ ಯಾವ ಜಾಗ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಮಾಡಿ ನೋಡಿತು. ಡಿಸ್ಲೆಕ್ಸಿಯಾ ಇದ್ದವರಲ್ಲಿ ಹಿಂದಿನ ಜಾಗಗಳು ಕಡಿಮೆ ಕೆಲಸ ಮಾಡುತ್ತಿದ್ದವು, ಮುಂದಿನದು ಜಾಸ್ತಿ ದುಡಿಯುತ್ತಿತ್ತು. ಹಿಂದಿನ ಭಾಗ ಮಂಕಾಗಿರುವುದು ಆಮೇಲೂ ಮತ್ತೆ ಮತ್ತೆ ಕಂಡಿದೆ. 2001ರಲ್ಲಿ ಡಿಸ್ಲೆಕ್ಸಿಯಾ ಇರುವ ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಓದುಗರನ್ನು ಹೋಲಿಸಿದರು. ಇಟಾಲಿಯನ್‌ನಲ್ಲಿ ಬರೆದಂತೆಯೇ ಓದಬಹುದು, ಆದ್ದರಿಂದ ಅಲ್ಲಿನವರು ಉಳಿದಿಬ್ಬರಿಗಿಂತ ಚೆನ್ನಾಗಿ ಓದಿದರು. ಮೆದುಳಿನಲ್ಲಿ ಮಾತ್ರ ಮೂವರಲ್ಲೂ ಎಡಗಡೆ ಅದೇ ಕೊರತೆ. ನನಗೆ ಬಹಳ ಹಿಡಿಸಿದ ಪ್ರಯೋಗ ಇದು. ಲಿಪಿ ತೊಂದರೆಯನ್ನು ಹೆಚ್ಚುಕಮ್ಮಿ ಮಾಡುತ್ತದೆ, ಹುಟ್ಟಿಸುವುದಿಲ್ಲ.

ಸರಿ, ಮೆದುಳಿನಲ್ಲಿರುವ ಸದ್ದುಗಳ ಗುರುತೇ ಮಸುಕೋ, ಅಥವಾ ಅದನ್ನು ತಲುಪುವ ದಾರಿ ಕಿರಿದೋ? 2013ರ ಬೆಲ್ಜಿಯಂನ ಅಧ್ಯಯನವೊಂದು ದಾರಿಯ ಕಡೆ ವಾಲುತ್ತದೆ. ಗುರುತುಗಳು ನೆಟ್ಟಗಿವೆ, ಅಲ್ಲಿಗೂ ಬ್ರೋಕಾ ಭಾಗಕ್ಕೂ ಇರುವ ಸಂಪರ್ಕ ದುರ್ಬಲ ಎಂದು ಅದು ಹೇಳಿತು. ಜಗಳ ಇನ್ನೂ ಮುಗಿದಿಲ್ಲ. ಪರೀಕ್ಷೆಯಲ್ಲಿ ಎರಡೂ ವಾದ ಬರೆಯಿರಿ.

ವಂಶವಾಹಿಯ ಪಾಲು ದೊಡ್ಡದೇ. ಆದರೆ 'ಡಿಸ್ಲೆಕ್ಸಿಯಾ ಜೀನ್' ಅಂತ ಒಂದಿಲ್ಲ. 2022ರ ದೊಡ್ಡ ಅಧ್ಯಯನದಲ್ಲಿ ಡಿಎನ್‌ಎಯ 42 ಜಾಗಗಳು ಸಿಕ್ಕವು, ಒಂದೊಂದರ ಪ್ರಭಾವವೂ ಚಿಕ್ಕದು. ಬುದ್ಧಿಮಟ್ಟಕ್ಕೂ ಇದಕ್ಕೂ ತಳುಕು ಹಾಕಬೇಡಿ. ಐಕ್ಯೂ ಹೆಚ್ಚಿರಲಿ, ಕಡಿಮೆ ಇರಲಿ, ಓದಲು ಕಷ್ಟಪಡುವ ಮಕ್ಕಳಲ್ಲಿ ಮೆದುಳಿನ ಚಿತ್ರ ಒಂದೇ ಥರ ಇರುತ್ತದೆ.

ಎಲ್ಲರೂ ಎಡವುವ ಜಾಗ

ಸ್ಕ್ಯಾನಿನಲ್ಲಿ ವ್ಯತ್ಯಾಸ ಕಂಡಿತು ಅಂದ ಮಾತ್ರಕ್ಕೆ ಅದೇ ಕಾರಣ ಅಂತಲ್ಲ. ಓದು ಕಷ್ಟವಾದ ಮಗು ಕಡಿಮೆ ಓದುತ್ತದೆ. ಕಡಿಮೆ ಓದಿದರೆ ಮೆದುಳಿಗೆ ಅಭ್ಯಾಸವೂ ಕಡಿಮೆ. ಹಾಗಾದರೆ ನಾವು ನೋಡುತ್ತಿರುವುದು ಬೇರೋ, ಹಣ್ಣೋ? ಅಂದರೆ ಕಾರಣವೋ, ಪರಿಣಾಮವೋ?

ಇದನ್ನು ಬಿಡಿಸಲು ಒಂದು ಉಪಾಯ ಇದೆ. ಡಿಸ್ಲೆಕ್ಸಿಯಾ ಇರುವ ಮಗುವನ್ನು ಅದೇ ವಯಸ್ಸಿನವರ ಜೊತೆ ಮಾತ್ರವಲ್ಲ, ಅಷ್ಟೇ ಓದಬಲ್ಲ ಚಿಕ್ಕ ಮಗುವಿನ ಜೊತೆಗೂ ಹೋಲಿಸುವುದು. ಹೀಗೆ ಮಾಡಿದಾಗ, ನರಕೋಶಗಳು ತುಂಬಿರುವ ಗ್ರೇ ಮ್ಯಾಟರ್‌ನಲ್ಲಿ ಕಂಡಿದ್ದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಮಾಯವಾದವು. ಚಲನೆ ಗುರುತಿಸುವ ದೃಷ್ಟಿಭಾಗ ಮಂಕಾಗಿರುವುದನ್ನು ಒಂದು ಕಾಲದಲ್ಲಿ ಡಿಸ್ಲೆಕ್ಸಿಯಾಕ್ಕೆ ಕಾರಣ ಎಂದಿದ್ದರು. ಅಲ್ಲೂ ಇದೇ ಆಯಿತು. ಸಾಲದ್ದಕ್ಕೆ, ಓದುವ ತರಬೇತಿ ಕೊಟ್ಟ ಮೇಲೆ ಆ ಭಾಗ ಜಾಸ್ತಿ ಕೆಲಸ ಮಾಡಿತು. ಅಂದರೆ ಅದು ಹಣ್ಣು.

ಹಾಗಂತ ಎಲ್ಲವೂ ಹಣ್ಣೇ ಅಲ್ಲ. ಮನೆಯಲ್ಲಿ ಡಿಸ್ಲೆಕ್ಸಿಯಾ ಇರುವ, ಇನ್ನೂ ಓದಲು ಬಾರದ ಮಕ್ಕಳಿಗೆ ಬರೀ ಸದ್ದು ಹೋಲಿಸುವ ಆಟ ಕೊಟ್ಟು ನೋಡಿದ್ದಾರೆ. ಆಗಲೇ ಎಡಗಡೆಯ ಹಿಂದಿನ ಜಾಗಗಳು ಮಂಕಾಗಿದ್ದವು.

ಮೆದುಳಿನ ಜಾಗಗಳನ್ನು ಜೋಡಿಸುವ ತಂತಿಗಳು, ಅಂದರೆ ವೈಟ್ ಮ್ಯಾಟರ್, ಬದಲಾಗುತ್ತವೆಯೇ? 2018ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಓದಲು ಕಷ್ಟಪಡುವ ಮಕ್ಕಳಿಗೆ ದಿನಕ್ಕೆ 4 ಗಂಟೆಯಂತೆ 8 ವಾರ ಓದು ಕಲಿಸಿ, ನಡುನಡುವೆ ಸ್ಕ್ಯಾನ್ ಮಾಡಿದರು. ಓದು ಸುಧಾರಿಸಿದ ಹಾಗೆಲ್ಲ ವೈಟ್ ಮ್ಯಾಟರ್ ಕೂಡ ಬದಲಾಯಿತು. ಎಡ-ಬಲ ಮೆದುಳನ್ನು ಹಿಂದುಗಡೆ ಸೇರಿಸುವ ಒಂದು ಕಂತೆ ಮಾತ್ರ ಇದ್ದ ಹಾಗೇ ಇತ್ತು. ಯಾವ ಮಗು ಎಷ್ಟು ಚೆನ್ನಾಗಿ ಓದುತ್ತದೆ ಅನ್ನುವುದಕ್ಕೂ ಆ ಕಂತೆಗೂ ನಂಟಿತ್ತು, ತರಬೇತಿ ಮಾತ್ರ ಅದನ್ನು ಅಲ್ಲಾಡಿಸಲಿಲ್ಲ.