ಲಿಸ್ಬನ್–ಪೋರ್ಟೊ ನಡುವೆ ಕೊಯಿಂಬ್ರಾ: ಒಂದು ದಿನ ಸಾಕೇ?

ಪ್ರಶ್ನೆ: ಲಿಸ್ಬನ್‌ನಿಂದ ಪೋರ್ಟೊಗೆ ರೈಲಿನಲ್ಲಿ ಹೋಗುವವರಿದ್ದೇವೆ. ದಾರಿಯಲ್ಲಿ ಕೊಯಿಂಬ್ರಾ ಸಿಗುತ್ತದೆ. ಅಲ್ಲಿ ಇಳಿದು ನೋಡಲು ಒಂದು ದಿನ ಸಾಕೇ? ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ?

ಉತ್ತರ: ಸಾಕು. ಆದರೆ ಆ ಒಂದು ದಿನಕ್ಕೆ ರಾತ್ರಿಯೂ ಸೇರಿರಬೇಕು. ಬೆಳಗಿನ ರೈಲಿಗೆ ಬಂದಿಳಿದು ಸಂಜೆಯ ರೈಲು ಹಿಡಿಯುವವರಿಗೆ ಗುಡ್ಡದ ಮೇಲಿನ ವಿಶ್ವವಿದ್ಯಾಲಯ ಸಿಗುತ್ತದೆ, ಮೊಂಡೇಗೊ ನದಿಯ ಆಚೆ ದಡವೂ ಸಂಜೆಯ ಫಾದೊ ಎಂಬ ಪೋರ್ಚುಗೀಸ್ ಹಾಡೂ ತಪ್ಪಿಹೋಗುತ್ತವೆ. ಉಳಿದಂತೆ ಇಡೀ ದಿನ ನಿಂತಿರುವುದು ಎರಡು ವಿಷಯಗಳ ಮೇಲೆ: ವಿಶ್ವವಿದ್ಯಾಲಯದ ಹಳೆಯ ಜೊವಾನಿನಾ ಗ್ರಂಥಾಲಯದ ಟಿಕೆಟ್‌ನಲ್ಲಿ ಅಚ್ಚಾದ ಸಮಯ, ಮತ್ತು ಗುಡ್ಡವನ್ನು ಯಾವ ಕಡೆಯಿಂದ ಶುರುಮಾಡುತ್ತೀರಿ ಎನ್ನುವುದು.

ಮೊದಲು ರೈಲಿನ ವಿಚಾರ. ಲಿಸ್ಬನ್‌ನ ಸಾಂತಾ ಅಪೊಲೋನಿಯಾ ಅಥವಾ ಒರಿಯೆಂತೆ ನಿಲ್ದಾಣದಿಂದ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆಯೊಳಗೆ ಕೊಯಿಂಬ್ರಾ ಮುಟ್ಟಬಹುದು. ಅಲ್ಲಿಂದ ಪೋರ್ಟೊದ ಕಂಪಾನ್ಯಾ ನಿಲ್ದಾಣಕ್ಕೆ ಒಂದು, ಒಂದೂಕಾಲು ಗಂಟೆ. ಟಿಕೆಟ್ ಕೆಲವು ವಾರ ಮುಂಚೆ ಕೊಂಡರೆ ದರ ಗಣನೀಯವಾಗಿ ಇಳಿಯುತ್ತದೆ. ಇಳಿಯಬೇಕಾದ ನಿಲ್ದಾಣ ಕೊಯಿಂಬ್ರಾ-ಬಿ. ಇಲ್ಲೇ ಹಲವರು ಎಡವುವುದು. ಹಳೆಯ ಪ್ರವಾಸ ಬರಹಗಳಲ್ಲಿ 'ಬಿ ನಿಲ್ದಾಣದಲ್ಲಿ ಇಳಿದು, ಎದುರಿನ ಪುಟ್ಟ ರೈಲು ಹತ್ತಿ, ಊರೊಳಗಿನ ಎ ನಿಲ್ದಾಣಕ್ಕೆ ಹೋಗಿ' ಎಂದಿರುತ್ತದೆ. ಆ ಎ ನಿಲ್ದಾಣವನ್ನು 2025ರ ಜನವರಿಯಲ್ಲಿ ಮುಚ್ಚಿದ್ದಾರೆ. ಈಗ ಬಿ ನಿಲ್ದಾಣದಿಂದ ಬಸ್ ಇಲ್ಲವೇ ಟ್ಯಾಕ್ಸಿ. ನಡೆದರೆ ಊರಿನ ಕೇಂದ್ರಕ್ಕೆ ಅರ್ಧ ಗಂಟೆ. ದಾರಿ ಸಮತಟ್ಟಾಗಿದ್ದರೂ ನೋಡುವಂಥದ್ದೇನೂ ಇಲ್ಲ, ಆ ಅರ್ಧ ಗಂಟೆಯನ್ನು ಬೇರೆಡೆಗೆ ಉಳಿಸಿಕೊಳ್ಳಿ. ಲಗೇಜನ್ನು ಮೊದಲು ತಂಗುವ ಹೋಟೆಲಿನಲ್ಲಿ ಇಟ್ಟುಬಿಡಿ. ರೂಮು ಮಧ್ಯಾಹ್ನವೇ ಸಿಗುವುದಾದರೂ ಚೀಲ ಇಟ್ಟುಕೊಳ್ಳಲು ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ಗಾಲಿಯ ಸೂಟ್‌ಕೇಸ್ ಎಳೆದುಕೊಂಡು ಈ ಊರಿನ ಕಲ್ಲುಹಾಸಿನ ಏರು ಹತ್ತುವುದು ಶಿಕ್ಷೆ.

ಊರು ಎರಡು ಭಾಗ. ನದಿಯ ಪಕ್ಕದ ತಗ್ಗಿನಲ್ಲಿ ಬೈಶಾ: ಅಂಗಡಿ, ಹೋಟೆಲು, ವ್ಯಾಪಾರಿಗಳ ಹಳೆಯ ಪೇಟೆ. ನೆತ್ತಿಯ ಮೇಲೆ ಆಲ್ತಾ: ಅರಮನೆ, ಪಾದ್ರಿಗಳು, ವಿದ್ಯಾರ್ಥಿಗಳು. ಬಹುತೇಕ ಪ್ರವಾಸಿಗರು ಕೆಳಗಿನಿಂದ ಶುರುಮಾಡಿ, ಅಂಗಡಿ ನೋಡುತ್ತ, ಒಂದೊಂದೇ ಮೆಟ್ಟಿಲು ಏರುತ್ತ, ಮಧ್ಯಾಹ್ನದ ಬಿಸಿಲಿಗೆ ಸರಿಯಾಗಿ ಬೆವರಿಳಿಸಿಕೊಂಡು ಮೇಲೆ ತಲಪುತ್ತಾರೆ. ಅಷ್ಟರಲ್ಲಿ ಗ್ರಂಥಾಲಯದ ಅಂದಿನ ಟಿಕೆಟ್ ಮುಗಿದಿರುತ್ತದೆ. ಇದನ್ನು ತಿರುಗಿಸಿ. ಬೆಳಿಗ್ಗೆ ಟ್ಯಾಕ್ಸಿ ಅಥವಾ ಬಸ್ಸಿನಲ್ಲಿ ನೇರ ಮೇಲೆ ಹೋಗಿ, ದಿನವಿಡೀ ಇಳಿಯುತ್ತ ಬನ್ನಿ. ತರಕಾರಿ ಮಾರುಕಟ್ಟೆಯ ಪಕ್ಕದಿಂದ ಮೇಲಕ್ಕೊಯ್ಯುವ ಸಾರ್ವಜನಿಕ ಲಿಫ್ಟ್ ಕೂಡ ಇದೆ, ಕೆಟ್ಟು ನಿಂತಿಲ್ಲದಿದ್ದರೆ ಅದನ್ನೂ ಬಳಸಬಹುದು.

ಈಗ ಗ್ರಂಥಾಲಯ. ಪೋರ್ಚುಗಲ್ಲಿನ ಈ ಹಳೆಯ ವಿಶ್ವವಿದ್ಯಾಲಯ 1290ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿ, ಎರಡೂ ಊರುಗಳ ನಡುವೆ ಹಲವು ಸಲ ಓಡಾಡಿ, 1537ರಲ್ಲಿ ಕೊಯಿಂಬ್ರಾದ ರಾಜರ ಅರಮನೆಯಲ್ಲೇ ನೆಲೆನಿಂತಿತು. 2013ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅರಮನೆಯ ಅಂಗಳಕ್ಕೆ ಹೋಗಲು ದುಡ್ಡಿಲ್ಲ. ಕಟ್ಟಡಗಳ ಒಳಗೆ ಹೋಗಲು ಟಿಕೆಟ್ ಬೇಕು, ಬೆಲೆ 15 ಯೂರೊ ದಾಟುತ್ತದೆ. ಆನ್‌ಲೈನ್‌ನಲ್ಲಿ ಮೊದಲೇ ಕೊಳ್ಳುವುದು ಒಳ್ಳೆಯದು. ಅಲ್ಲೇ ಕೊಳ್ಳುವವರು ಅಂಗಳದೊಳಗೆ ಹುಡುಕಬೇಡಿ. ಟಿಕೆಟ್ ಕೌಂಟರ್ ಇರುವುದು ಪೋರ್ತಾ ಫೆರ್ರಿಯಾ ಎಂಬ ಹೆಬ್ಬಾಗಿಲಿನ ಹೊರಗೆ, ವಿಶ್ವವಿದ್ಯಾಲಯದ ಈಗಿನ ಮುಖ್ಯ ಗ್ರಂಥಾಲಯದ ಕಟ್ಟಡದಲ್ಲಿ.

ಟಿಕೆಟ್‌ನಲ್ಲಿ ನಮೂದಾದ ಸಮಯ ಜೊವಾನಿನಾ ಗ್ರಂಥಾಲಯಕ್ಕೆ ಮಾತ್ರ. ಅರಮನೆ, ಚಾಪೆಲ್ ಮುಂತಾದವನ್ನು ಅದಕ್ಕೆ ಮೊದಲೋ ಆಮೇಲೋ ನಿಮಗೆ ಬೇಕಾದಾಗ ನೋಡಬಹುದು. ಗ್ರಂಥಾಲಯದ ಸಮಯಕ್ಕೆ ತಡವಾಗಿ ಬಂದರೆ ಆ ಸರದಿ ಹೋದಂತೆಯೇ. ಕಾರಣವಿದೆ. 1717ರಿಂದ 1728ರವರೆಗೆ ದೊರೆ ಐದನೆಯ ಜೊವಾವ್ ಕಾಲದಲ್ಲಿ ಕಟ್ಟಿದ ಈ ಕಟ್ಟಡಕ್ಕೆ ಗೋಡೆಯೇ ಹವಾನಿಯಂತ್ರಣ. ಗೋಡೆಯ ದಪ್ಪ 2.11 ಮೀಟರ್, ಹೊರಗೆ ಏನೇ ಇರಲಿ, ಒಳಗೆ 18–20 ಡಿಗ್ರಿ. ಬಾಗಿಲು ತೆರೆದಷ್ಟೂ, ಜನರ ಉಸಿರು ಹೆಚ್ಚಿದಷ್ಟೂ ತೇವಾಂಶ ಏರುಪೇರಾಗುತ್ತದೆ, ಹಳೆಯ ಕಾಗದಕ್ಕೆ ಅದು ಒಗ್ಗದು. ಹಾಗಾಗಿ ಸಣ್ಣ ಸಣ್ಣ ತಂಡ, ಒಂದು ತಂಡ ಹೊರಬಂದ ಮೇಲೆ ಇನ್ನೊಂದು. ರೈಲು ತಲಪುವ ಹೊತ್ತಿಗೂ ಗ್ರಂಥಾಲಯದ ಸರದಿಗೂ ಕನಿಷ್ಠ ಒಂದೂವರೆ ಗಂಟೆ ಅಂತರ ಇಟ್ಟುಕೊಳ್ಳಿ.

ಪ್ರವೇಶ ಕೆಳಗಿನಿಂದ. ಮೊದಲು ಸಿಗುವುದು ಜೈಲು! ವಿಶ್ವವಿದ್ಯಾಲಯಕ್ಕೆ ತನ್ನದೇ ನ್ಯಾಯಾಧಿಕಾರ ಇದ್ದ ಕಾಲದಲ್ಲಿ ತಪ್ಪು ಮಾಡಿದ ವಿದ್ಯಾರ್ಥಿಗಳನ್ನು ಕೂಡಿಹಾಕುತ್ತಿದ್ದ ಕೋಣೆಗಳು, 1834ರವರೆಗೂ ಬಳಕೆಯಲ್ಲಿದ್ದವು. ನಡುವಿನ ಮಹಡಿ ಪುಸ್ತಕದ ಉಗ್ರಾಣ. ಅದರ ಮೇಲೆ ನೀವು ಚಿತ್ರಗಳಲ್ಲಿ ನೋಡಿದ ಆ ಮಹಡಿ: ಒಂದರ ಹಿಂದೊಂದು ಮೂರು ಹಜಾರ, ಹಸಿರು, ಕೆಂಪು, ಕಪ್ಪು ಬಣ್ಣದ ಮೇಲೆ ಚಿನ್ನದ ಚಿತ್ತಾರ, ತುದಿಯಲ್ಲಿ ದೊರೆಯ ಭಾವಚಿತ್ರ. ಅಲ್ಲಿ ಸಿಗುವುದು ಹತ್ತು ನಿಮಿಷದಷ್ಟೇ ಹೊತ್ತು. ಫೋಟೊದ ಆಸೆ ಬಿಟ್ಟು, ಏನು ನೋಡಬೇಕೆಂದು ಮೊದಲೇ ತಿಳಿದು ಹೋಗಿ. ಕಪಾಟುಗಳ ಕಂಬಗಳ ಸಂದಿಯಲ್ಲಿ ನೋಡಿ: ಎಳೆದರೆ ಹೊರಬರುವ, ತಳ್ಳಿದರೆ ಗೋಡೆಯಲ್ಲೇ ಮಾಯವಾಗುವ ಏಣಿಗಳು. ಚಾವಣಿ ಗುಮ್ಮಟದಂತೆ ಮೇಲೆದ್ದಿರುವ ಹಾಗೆ ಕಾಣುವುದು ಬರೀ ಬಣ್ಣದ ಕೈಚಳಕ. ಇನ್ನು ಬಾವಲಿಗಳು. ಪುಸ್ತಕದ ಕಪಾಟುಗಳ ಹಿಂದೆ ಪುಟ್ಟ ಬಾವಲಿಗಳ ಸಂಸಾರವಿದೆ. ರಾತ್ರಿ ಹಾರಾಡಿ ಕಾಗದ ತಿನ್ನುವ ಹುಳುಗಳನ್ನು ಹಿಡಿಯುತ್ತವೆ. ಅವುಗಳ ಹಿಕ್ಕೆ ಬೀಳಬಾರದೆಂದು ಸಿಬ್ಬಂದಿ ದಿನಾ ಸಂಜೆ ಮೇಜುಗಳಿಗೆ ಚರ್ಮದ ಹೊದಿಕೆ ಹಾಸಿ, ಬೆಳಿಗ್ಗೆ ನೆಲ ಒರೆಸುತ್ತಾರೆ. ಹಗಲಿನಲ್ಲಿ ಬಾವಲಿ ಕಾಣುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಅರಮನೆಯಲ್ಲಿ ಸಾಲಾ ದೊಸ್ ಕಪೇಲೊಸ್ ಎಂಬ ಹಜಾರವನ್ನು ಮೇಲಿನ ಮೊಗಸಾಲೆಯಿಂದ ಇಣುಕಿ ನೋಡಬೇಕು. ಒಂದು ಕಾಲದ ಸಿಂಹಾಸನದ ಹಜಾರ ಅದು, ಈಗಲೂ ಡಾಕ್ಟರೇಟ್ ಪದವಿಯ ಸಮಾರಂಭ ನಡೆಯುವುದು ಅಲ್ಲೇ. ಸಮಾರಂಭವಿದ್ದ ದಿನ ಬಾಗಿಲು ಮುಚ್ಚಿರುತ್ತದೆ, ಸಾವೊ ಮಿಗೆಲ್ ಚಾಪೆಲ್ ಕೂಡ ಮದುವೆ ಇದ್ದರೆ ಹಾಗೆಯೇ. ಗಡಿಯಾರದ ಗೋಪುರ ಸುಮಾರು 34 ಮೀಟರ್ ಎತ್ತರ. ಮೆಟ್ಟಿಲು ತೀರ ಇಕ್ಕಟ್ಟು, ಏರುವವರಿಗೂ ಇಳಿಯುವವರಿಗೂ ಅದೊಂದೇ ದಾರಿ. ಮಂಡಿನೋವಿನವರು, ಇಕ್ಕಟ್ಟೆಂದರೆ ಉಸಿರುಗಟ್ಟುವವರು ಅಂಗಳದ ಕಟ್ಟೆಯಿಂದಲೇ ನದಿ ನೋಡಿದರೆ ನಷ್ಟವೇನಿಲ್ಲ, ನೋಟ ಹೆಚ್ಚುಕಡಿಮೆ ಅದೇ. ಗೋಪುರದಲ್ಲಿ ತೂಗುವ ಗಂಟೆಗಳಲ್ಲಿ ಒಂದಕ್ಕೆ ವಿದ್ಯಾರ್ಥಿಗಳು ಇಟ್ಟ ಹೆಸರು 'ಕಾಬ್ರಾ', ಅಂದರೆ ಮೇಕೆ. ಪಾಠದ ಹೊತ್ತಾಯಿತೆಂದು ಅರಚುತ್ತಿದ್ದುದಕ್ಕೆ ಸಂದ ಬಿರುದು. ಹೆಬ್ಬಾಗಿಲಿನ ಹೊರಗೆ ನಿಂತ ಬೋಳು ಬೋಳಾದ ಬೃಹತ್ ಕಟ್ಟಡಗಳನ್ನು ಕಂಡು ಇದೇನು ಪುರಾತನ ನಗರ ಎನಿಸಿದರೆ ಆಶ್ಚರ್ಯವಿಲ್ಲ. 1940ರ ದಶಕದಿಂದ ಸರ್ವಾಧಿಕಾರಿ ಸಲಜಾರ್ ಸರಕಾರ ಆಲ್ತಾದ ಹಳೆಯ ಕೇರಿಗಳನ್ನೇ ಕೆಡವಿ ಇವನ್ನು ಎಬ್ಬಿಸಿತು. ಸಲಜಾರ್ ಇದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು.

ಇಲ್ಲಿಂದ ಇಳಿಜಾರು. ಐದು ನಿಮಿಷದಲ್ಲಿ ಮಚಾದೊ ದೆ ಕಾಸ್ತ್ರೊ ಮ್ಯೂಸಿಯಂ. ಶಿಲ್ಪಗಳಲ್ಲಿ ಆಸಕ್ತಿ ಇಲ್ಲದಿದ್ದರೂ ನೆಲಮಾಳಿಗೆಗಾಗಿ ಹೋಗಿ. ಇಳಿಜಾರಿನ ಮೇಲೆ ಸಮತಟ್ಟಾದ ಪೇಟೆಯ ಚೌಕ ಬೇಕೆಂದು ರೋಮನ್ನರು ಎರಡು ಅಂತಸ್ತಿನ ಕಮಾನು ಸುರಂಗಗಳನ್ನು ಕಟ್ಟಿ, ಅವುಗಳ ಬೆನ್ನ ಮೇಲೆ ಚೌಕ ಹಾಸಿದರು. ಚೌಕ ಹೋಗಿದೆ, ಸುರಂಗ ಗಟ್ಟಿಯಾಗಿದೆ. ಸೋಮವಾರ ಈ ಮ್ಯೂಸಿಯಂಗೆ ರಜೆ, ನದಿಯಾಚೆಯ ಹಳೆಯ ಸಾಂತಾ ಕ್ಲಾರಾ ಮಠಕ್ಕೂ ರಜೆ. ಕೊಯಿಂಬ್ರಾಕ್ಕೆ ಸೋಮವಾರ ಬಿಟ್ಟು ಬೇರೆ ದಿನ ಆರಿಸಿ ಎನ್ನುವುದು ಇದಕ್ಕೇ.

ಇನ್ನೂ ಕೆಳಗೆ ಸೇ ವೆಲ್ಯಾ, ಹಳೆಯ ಪ್ರಧಾನ ಚರ್ಚು, ಹನ್ನೆರಡನೆಯ ಶತಮಾನದ್ದು. ನೋಡಿದರೆ ಕೋಟೆಯ ಹಾಗೆ, ಮೇಲೆ ತೆನೆಗಳೂ ಇವೆ: ದಕ್ಷಿಣದ ಮುಸ್ಲಿಂ (ಮೂರ್‌) ದೊರೆಗಳ ಜೊತೆ ಯುದ್ಧ ಇನ್ನೂ ನಡೆಯುತ್ತಿದ್ದ ಕಾಲ ಅದು. ಅದರ ಮುಂದಿನಿಂದ ಇಳಿಯುವ ಮೆಟ್ಟಿಲುದಾರಿಗೆ 'ಕೆಬ್ರಾ ಕೋಸ್ತಾಸ್' ಎಂದು ಹೆಸರು. ಬೆನ್ನು ಮುರಿಯುವುದು ಎಂದು ಅರ್ಥ. ಹೆಸರನ್ನು ನಂಬಿ. ನುಣುಪಾದ ಸುಣ್ಣದ ಕಲ್ಲು, ಒಂದು ತುಂತುರು ಬಿದ್ದರೆ ಪಾಚಿಗಟ್ಟಿದ ಬಾವಿಕಟ್ಟೆಯಂತೆ ಜಾರುತ್ತದೆ. ರಬ್ಬರ್ ಅಡಿಯ ಶೂ ಇರಲಿ. ಅಲ್ಮೆದಿನಾ ಕಮಾನು ದಾಟಿದರೆ ಪೇಟೆಬೀದಿ, ಬಲಕ್ಕೆ ತಿರುಗಿ ನೇರ ಹೋದರೆ ಸಾಂತಾ ಕ್ರೂಸ್ ಮಠ. 1131ರಲ್ಲಿ ಸ್ಥಾಪನೆಯಾದ ಇಲ್ಲಿ ಪೋರ್ಚುಗಲ್ಲಿನ ಮೊದಲ ದೊರೆ ಅಫೊನ್ಸೊ ಎನ್ರಿಕೆಸ್ ಮತ್ತು ಅವನ ಮಗ ಸಾಂಚೊ ಎದುರುಬದುರಾಗಿ ಮಲಗಿದ್ದಾರೆ. ಪಕ್ಕದ ಕಾಫಿ ಹೋಟೆಲಿನ ಕಲ್ಲಿನ ಚಾವಣಿ ನೋಡಿ ಚರ್ಚಿನಂತಿದೆ ಎನ್ನಬೇಡಿ, ಅದು ಚರ್ಚೇ ಆಗಿತ್ತು.

ಊಟ ಮಧ್ಯಾಹ್ನ 12ರಿಂದ 3ರೊಳಗೆ ಮುಗಿಸಿ. ಆಮೇಲೆ ಬಹಳಷ್ಟು ಅಡುಗೆಮನೆ ಏಳು, ಏಳೂವರೆವರೆಗೆ ತೆರೆಯುವುದಿಲ್ಲ. ಕೇಳದೆಯೇ ತಂದಿಡುವ ಬ್ರೆಡ್, ಆಲಿವ್, ಬೆಣ್ಣೆಗೆ ಬಿಲ್ ಇದೆ. ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ, ಯಾರೂ ಬೇಸರಪಡುವುದಿಲ್ಲ. ಈ ಸೀಮೆಯ ಹೆಸರುವಾಸಿ ಅಡುಗೆ ಶನ್ಫಾನಾ: ಮೇಕೆಯ ಮಾಂಸವನ್ನು ಕರಿ ಮಣ್ಣಿನ ಮಡಕೆಯಲ್ಲಿ ಕೆಂಪು ವೈನ್ ಹಾಕಿ ಗಂಟೆಗಟ್ಟಲೆ ಬೇಯಿಸಿದ್ದು. ಸಸ್ಯಾಹಾರಿಗಳು 'ಸೈಂ ಕಾರ್ನೆ, ಸೈಂ ಪೆಯ್ಶೆ' (ಮಾಂಸ ಬೇಡ, ಮೀನು ಬೇಡ) ಎಂದು ಹೇಳಿದರೂ ಸೂಪಿನ ಬಗ್ಗೆ ಬೇರೆಯಾಗಿ ಕೇಳಬೇಕು. ಕಾಲ್ದೊ ವೆರ್ದೆ ಎಂಬ ಸೊಪ್ಪಿನ ಸೂಪಿನ ಮೇಲೆ ಹಂದಿಮಾಂಸದ ಸಾಸೇಜಿನ ಚೂರು ತೇಲುತ್ತಿರುವುದು ಮಾಮೂಲು. ಪಟ್ಟಿಯಲ್ಲಿ 'ಬಟಾಟಾ', 'ಅನನಾಸ್' ಕಂಡರೆ ಅರ್ಥ ಕೇಳಬೇಕಿಲ್ಲ, ನಮ್ಮ ಬಟಾಟೆ, ಅನಾನಸ್ ಬಂದದ್ದು ಇವರ ಹಡಗಿನಲ್ಲೇ. ಹೋಟೆಲಿನವರು ಕೊಡುವ 'ಶಾವೆ' ಕೂಡ ಉತ್ತರ ಕರ್ನಾಟಕದ ಚಾವಿಯೇ. ಮಠದ ಸಿಹಿ ಪಾಸ್ತೆಲ್ ದೆ ಸಾಂತಾ ಕ್ಲಾರಾ ತಿನ್ನುವ ಮುಂಚೆ ಒಂದು ಮಾತು: ಒಳಗಿರುವುದು ಬಾದಾಮಿ, ಸಕ್ಕರೆ ಮತ್ತು ಧಾರಾಳವಾಗಿ ಮೊಟ್ಟೆಯ ಹಳದಿ.

ಮಧ್ಯಾಹ್ನದ ಮೇಲೆ ಸೇತುವೆ ದಾಟಿ. ಮೊಂಡೇಗೊಗೆ ಊರವರು ಇಟ್ಟ ಅಡ್ಡಹೆಸರು 'ಬಜೋಫಿಯಾಸ್', ಬಡಾಯಿಕೋರ. ಬೇಸಿಗೆಯಲ್ಲಿ ಮರಳು ಕಾಣುವಷ್ಟು ಬತ್ತಿ, ಮಳೆಗಾಲದಲ್ಲಿ ಊರಿಗೇ ನುಗ್ಗುತ್ತಿತ್ತು. ಈಗ ಕೆಳಗಡೆ ಕಟ್ಟಿದ ಒಡ್ಡಿನಿಂದ ಊರ ಮುಂದೆ ನೀರು ತುಂಬಿ ನಿಂತಿರುತ್ತದೆ. ಆ ಬಡಾಯಿ ಏನು ಮಾಡಿತೆಂದು ಸಾಂತಾ ಕ್ಲಾರಾ-ಆ-ವೆಲ್ಯಾದಲ್ಲಿ ನೋಡಬಹುದು. ರಾಣಿ ಇಸಾಬೆಲ್ ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿಸಿದ ಈ ಸನ್ಯಾಸಿನಿ ಮಠಕ್ಕೆ ನೆರೆ ಮತ್ತೆ ಮತ್ತೆ ನುಗ್ಗಿತು. ಸನ್ಯಾಸಿನಿಯರು ಚರ್ಚಿನ ನಡು ಎತ್ತರದಲ್ಲಿ ಇನ್ನೊಂದು ನೆಲ ಹಾಕಿಸಿಕೊಂಡು ಅಲ್ಲಿ ಪ್ರಾರ್ಥನೆ ಮುಂದುವರಿಸಿದರು. ಕೊನೆಗೆ 1677ರಲ್ಲಿ ಸೋತು ಗುಡ್ಡದ ಮೇಲೆ ಹೊಸ ಮಠಕ್ಕೆ ಹೋದರು. ಕೆಳಗಿನ ಭಾಗ ಮುನ್ನೂರು ವರ್ಷ ಕೆಸರಲ್ಲಿತ್ತು. 1990ರ ದಶಕದಲ್ಲಿ ಅಗೆದು, ನೀರು ಹೊರಹಾಕಿ, 2009ರಲ್ಲಿ ತೆರೆದರು. ಗ್ರಂಥಾಲಯದ ಚಿನ್ನಕ್ಕಿಂತ ಇದು ಹೆಚ್ಚು ನೆನಪಲ್ಲಿ ಉಳಿಯುವ ಜಾಗ, ಜನವೂ ಕಡಿಮೆ. ಮಕ್ಕಳಿದ್ದರೆ ಹತ್ತಿರದಲ್ಲೇ 1940ರ ಪೋರ್ಚುಗಲ್ ದೊಸ್ ಪೆಕೆನಿತೊಸ್ ಇದೆ, ಪುಟಾಣಿ ಮನೆಗಳ ಉದ್ಯಾನ. ಮಕ್ಕಳಿಲ್ಲದಿದ್ದರೆ ಬಿಡಿ. ಮರಳುವಾಗ ಪೆದ್ರೊ-ಇನೆಸ್ ಕಾಲುಸೇತುವೆ ಹಿಡಿಯಿರಿ: 2006ರದ್ದು, ಎರಡು ದಡದಿಂದ ಹೊರಟ ಅರ್ಧಗಳು ಒಂದೇ ಗೆರೆಯಲ್ಲಿ ಸೇರದೆ, ನಡುವೆ ಪಕ್ಕಕ್ಕೆ ಸರಿದು ಕೂಡಿಕೊಳ್ಳುತ್ತವೆ. 1355ರಲ್ಲಿ ರಾಜಾಜ್ಞೆಯಿಂದ ಈ ಊರಲ್ಲಿ ಕೊಲೆಯಾದ ಇನೆಸ್ ಮತ್ತು ಅವಳ ಪ್ರಿಯ ರಾಜಕುಮಾರ ಪೆದ್ರೊನ ಹೆಸರು ಅದಕ್ಕೆ.

ಸಂಜೆ ಫಾದೊ. ಲಿಸ್ಬನ್‌ನಲ್ಲಿ ಕೇಳಿದ್ದೇವೆ, ಇಲ್ಲೂ ಅದೇ ತಾನೆ ಎಂದು ಬಿಡಬೇಡಿ. ಇಲ್ಲಿಯದು ವಿದ್ಯಾರ್ಥಿಗಳ ಹಾಡು. ಸಂಪ್ರದಾಯದಂತೆ ಗಂಡಸರೇ, ಕರಿ ನಿಲುವಂಗಿ ಹೊದ್ದು ಹಾಡುತ್ತಾರೆ. ಗಿಟಾರಿನ ಶ್ರುತಿ ಲಿಸ್ಬನ್ನಿನದಕ್ಕಿಂತ ಒಂದು ಸ್ವರ ಕೆಳಗೆ, ದನಿ ಹೆಚ್ಚು ಗಂಭೀರ. ಗಿಟಾರಿನ ತಲೆಭಾಗ ನೋಡಿಯೇ ಗುರುತಿಸಬಹುದು: ಲಿಸ್ಬನ್ನಿನದು ಬಸವನಹುಳುವಿನ ಸುರುಳಿ, ಕೊಯಿಂಬ್ರಾದ್ದು ಕಣ್ಣೀರ ಹನಿ. ಸೆರೆನೇಡ್ ಮುಗಿದಾಗ ಚಪ್ಪಾಳೆಯ ಬದಲು ಗಂಟಲು ಸರಿಮಾಡಿಕೊಂಡಂತೆ ಕೆಮ್ಮುವುದು ಇಲ್ಲಿಯ ರೂಢಿ. ಕೆಬ್ರಾ ಕೋಸ್ತಾಸ್ ಸುತ್ತಮುತ್ತ ಊಟದ ಗದ್ದಲವಿಲ್ಲದೆ ಸುಮಾರು ಐವತ್ತು ನಿಮಿಷ ಹಾಡಷ್ಟೇ ಕೇಳಿಸುವ ಪುಟ್ಟ ಕೊಠಡಿಗಳಿವೆ. ಕುರ್ಚಿ ಕಡಿಮೆ, ಬೆಳಿಗ್ಗೆ ಆ ದಾರಿಯಲ್ಲಿ ಇಳಿಯುವಾಗಲೇ ಸೀಟು ಹೇಳಿಡಿ.

ತಿಂಗಳ ಲೆಕ್ಕವೂ ಇದೆ. ಆಗಸ್ಟ್‌ನಲ್ಲಿ ವಿದ್ಯಾರ್ಥಿಗಳಿಲ್ಲದೆ ಊರು ಅರ್ಧ ಖಾಲಿ, ಬಿಸಿಲು ಮಾತ್ರ ಪೂರ್ತಿ. ಮೇ ತಿಂಗಳಲ್ಲಿ ಕೆಯ್ಮಾ ದಸ್ ಫಿತಾಸ್, ವಿದ್ಯಾರ್ಥಿಗಳು ತಮ್ಮ ವಿಭಾಗದ ಬಣ್ಣದ ರಿಬ್ಬನ್ ಸುಡುವ ಹಬ್ಬ. ಹಳದಿ ವೈದ್ಯಕೀಯ, ಕೆಂಪು ಕಾನೂನು. ಆ ವಾರ ರೂಮು ಸಿಗುವುದೂ ಕಷ್ಟ, ನಿದ್ದೆ ಬರುವುದೂ ಕಷ್ಟ.

ಮರುದಿನ ಮಧ್ಯಾಹ್ನದವರೆಗೆ ಬಿಡುವಿದ್ದರೆ ಕೊನಿಂಬ್ರಿಗಾಗೆ ಹೋಗಿ, 16 ಕಿಲೋಮೀಟರ್ ದೂರದ ರೋಮನ್ ಊರಿನ ಅವಶೇಷ. ನೆಲದ ಮೊಸಾಯಿಕ್ ಚಿತ್ತಾರಗಳು ಇದ್ದಲ್ಲೇ ಇವೆ. ಬಸ್ಸುಗಳು ವಿರಳ. ಹೊರಡುವ ಮುನ್ನವೇ ಮರಳುವ ಬಸ್ಸಿನ ಹೊತ್ತು ಬರೆದುಕೊಳ್ಳಿ, ಅದು ತಪ್ಪಿದರೆ ಪೋರ್ಟೊದ ರೈಲೂ ತಪ್ಪುತ್ತದೆ.