ಸರ್ವರ್ ಮಾತಾಡದಿದ್ದರೆ ಕರ್ನಲ್ ಎಷ್ಟು ಹೊತ್ತು ಕಾಯಬೇಕು?

ದಾವಣಗೆರೆಯಲ್ಲಿ ಬೇಸಿಗೆ ಮಧ್ಯಾಹ್ನ ಕರೆಂಟ್ ಹೋಗುವುದು ಹೊಸದೇನಲ್ಲ. ಇಲ್ಲಿನದೊಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಅಂದುಕೊಳ್ಳಿ. 60 ಲಿನಕ್ಸ್ ಕಂಪ್ಯೂಟರ್, ವಿದ್ಯಾರ್ಥಿಗಳ ಹೋಮ್ ಡೈರೆಕ್ಟರಿಗಳೆಲ್ಲ ಕೆಳಗಿನ ಕೋಣೆಯ ಒಂದೇ ಸರ್ವರಿನಲ್ಲಿ. ಸರ್ವರಿಗೆ ಯುಪಿಎಸ್ ಇದೆ, ಲ್ಯಾಬಿಗೂ ಇದೆ. ಮೆಟ್ಟಿಲ ಪಕ್ಕ ಗೋಡೆಗೆ ಕೂರಿಸಿದ ನೆಟ್‌ವರ್ಕ್ ಸ್ವಿಚ್ಚಿಗೆ ಮಾತ್ರ ಯಾರೂ ಯುಪಿಎಸ್ ಲೈನ್ ಎಳೆದಿಲ್ಲ. ಕರೆಂಟ್ ಹೋದಾಗ 60 ಪರದೆಗಳೂ ಬೆಳಗುತ್ತಲೇ ಇರುತ್ತವೆ, ಮೌಸ್ ಓಡಾಡುತ್ತದೆ, ಆದರೆ ಫೈಲ್ ಸೇವ್ ಮಾಡಲು ಹೋದವರ ಎಡಿಟರ್ ಅಲ್ಲೇ ಕಲ್ಲಾಗುತ್ತದೆ. ಟರ್ಮಿನಲ್ಲಿನಲ್ಲಿ ಫೈಲ್ ಪಟ್ಟಿ ಕೇಳುವ ಎಲ್‌ಎಸ್ ಹೊಡೆದರೆ ಕರ್ಸರ್ ವಾಪಸ್ ಬರುವುದಿಲ್ಲ. ಕಂಟ್ರೋಲ್-ಸಿ ಒತ್ತಿದರೂ ಹಲವು ಸಲ ಅಷ್ಟೇ. ಸುಮಾರು ಮೂರು ನಿಮಿಷ ಕಳೆದ ಮೇಲೆ ಕರ್ನಲ್, ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ದಾಖಲೆ ಇಡುವ ಲಾಗಿನಲ್ಲಿ ಒಂದು ಸಾಲು ಬೀಳುತ್ತದೆ: ‘ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’.

ಈ ಸಾಲು ಬರೆಯುವುದು ಎನ್‌ಎಫ್‌ಎಸ್ ಕ್ಲೈಂಟ್. ಬೇರೆ ಯಂತ್ರದಲ್ಲಿರುವ ಫೈಲನ್ನು ನಮ್ಮದೇ ಡಿಸ್ಕಿನಲ್ಲಿದೆ ಎನ್ನುವಂತೆ ತೋರಿಸುವ ಕರ್ನಲ್ ಭಾಗ ಅದು. ಉತ್ತರ ಬರದಿದ್ದಾಗ ಸರ್ವರ್ ಸತ್ತಿದೆಯೋ, ನಿಧಾನವಾಗಿದೆಯೋ, ದಾರಿಯಲ್ಲಿ ಕೇಬಲ್ ಕಳಚಿದೆಯೋ ಎಂದು ತಿಳಿಯುವ ಉಪಾಯ ಅದಕ್ಕಿಲ್ಲ. ಕಾಯಬಹುದು, ಇಲ್ಲವೇ ಪ್ರೋಗ್ರಾಮಿಗೆ ‘ಆಗಲಿಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಕಾದರೆ ಲ್ಯಾಬ್ ನಿಲ್ಲುತ್ತದೆ, ಕೈತೊಳೆದುಕೊಂಡರೆ ಡೇಟಾ ಹಾಳಾಗುತ್ತದೆ. ನಲವತ್ತು ವರ್ಷಗಳಿಂದ ಈ ಕೋಡಿಗೆ ಕೈಹಾಕಿದವರೆಲ್ಲ ಈ ಎರಡರ ನಡುವಿನ ಗಡಿಯನ್ನು ಅತ್ತಿತ್ತ ಸರಿಸುತ್ತ ಬಂದಿದ್ದಾರೆ.

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ಎನ್‌ಎಫ್‌ಎಸ್ ರೂಪಿಸಿದಾಗ ಸರ್ವರ್ ಏನನ್ನೂ ನೆನಪಿಟ್ಟುಕೊಳ್ಳಬಾರದು ಎಂಬ ನಿಯಮ ಇಟ್ಟುಕೊಂಡಿತು. ಯಾರು ಯಾವ ಫೈಲ್ ತೆರೆದಿದ್ದಾರೆ ಎಂಬ ಲೆಕ್ಕ ಸರ್ವರಿನಲ್ಲಿ ಇಲ್ಲ. ‘ಈ ಫೈಲಿನ ಈ ಜಾಗದಿಂದ 8 ಕೆಬಿ ಕೊಡು’ ಎಂದು ಪ್ರತಿ ವಿನಂತಿಯೂ ತನ್ನ ಪೂರ್ತಿ ವಿಳಾಸ ಹೊತ್ತೇ ಬರುತ್ತದೆ. ಸರ್ವರ್ ಬಿದ್ದು ಎದ್ದರೆ ಕ್ಲೈಂಟ್ ಅದೇ ವಿನಂತಿಯನ್ನು ಮತ್ತೆ ಕಳಿಸಿದರೆ ಸಾಕು, ಕೆಲಸ ಮುಂದುವರಿಯುತ್ತದೆ. ಮತ್ತೆ ಮತ್ತೆ ಕಳಿಸುತ್ತ ಕಾಯುವ ‘ಹಾರ್ಡ್’ ಮೌಂಟ್ (ದೂರದ ಡೈರೆಕ್ಟರಿಯನ್ನು ನಮ್ಮ ಯಂತ್ರಕ್ಕೆ ಜೋಡಿಸುವುದೇ ಮೌಂಟ್) ಹುಟ್ಟಿದ್ದು ಈ ಎಣಿಕೆಯಿಂದಲೇ. 1989ರ ಆರ್‌ಎಫ್‌ಸಿ 1094 ಎಂಬ ತಾಂತ್ರಿಕ ಕಡತದಲ್ಲಿ ದಾಖಲಾದ ಎರಡನೇ ಆವೃತ್ತಿ ಇದು.

ಎಣಿಕೆ ಚೆನ್ನಾಗಿತ್ತು, ಆದರೆ ಎಲ್ಲ ಕೆಲಸವನ್ನೂ ಎರಡೆರಡು ಸಲ ಮಾಡಲಾಗದು. ದಾವಣಗೆರೆಯ ಎಪಿಎಂಸಿಯಿಂದ ಚಿತ್ರದುರ್ಗದ ಮಂಡಿಗೆ ‘ಇವತ್ತು ಮೆಕ್ಕೆಜೋಳದ ರೇಟ್ ಎಷ್ಟು’ ಎಂದು ಹತ್ತು ಸಲ ಕೇಳಿದರೂ ನಷ್ಟವಿಲ್ಲ. ‘50 ಚೀಲ ಲೋಡ್ ಮಾಡಿಸಿ’ ಎಂದು ಉತ್ತರ ಬರದ ಸಿಟ್ಟಿಗೆ ಎರಡು ಸಲ ಹೇಳಿದರೆ 100 ಚೀಲ ಲಾರಿ ಹತ್ತಿರುತ್ತವೆ. ಫೈಲ್ ಅಳಿಸುವುದೂ ಹೀಗೆಯೇ. ಮೊದಲ ವಿನಂತಿಗೆ ಫೈಲ್ ಅಳಿಯಿತು, ಉತ್ತರ ದಾರಿಯಲ್ಲಿ ಕಳೆಯಿತು, ಎರಡನೇ ಸಲ ಕೇಳಿದಾಗ ‘ಅಂಥ ಫೈಲೇ ಇಲ್ಲ’ ಎಂಬ ದೋಷ ಬಂತು. ಸರ್ವರುಗಳು ಈಚಿನ ವಿನಂತಿಗಳ ಉತ್ತರಗಳನ್ನು ಸ್ವಲ್ಪ ಹೊತ್ತು ಎತ್ತಿಟ್ಟುಕೊಳ್ಳುವ ಕ್ಯಾಶ್ ಕಟ್ಟಿಕೊಂಡು ಇದಕ್ಕೆ ತೇಪೆ ಹಾಕಿದವು. ತೇಪೆಯ ಅಗತ್ಯವೇ ಇಲ್ಲದಂತೆ ಮಾಡಿದ್ದು 4.1ನೇ ಆವೃತ್ತಿಯ, ಪ್ರತಿ ವಿನಂತಿಗೂ ಕ್ರಮಸಂಖ್ಯೆ ಕೊಡುವ ಸೆಷನ್ ವ್ಯವಸ್ಥೆ, ಅದೂ 2010ರಲ್ಲಿ.

ಇನ್ನೊಂದು ಕಡೆ ‘ಸಾಫ್ಟ್’ ಮೌಂಟ್ ಇತ್ತು: ಇಷ್ಟು ಸಲ ಕೇಳು, ಉತ್ತರ ಬರದಿದ್ದರೆ ಪ್ರೋಗ್ರಾಮಿಗೆ ಐ/ಒ (ಓದು-ಬರಹದ) ದೋಷ ಕೊಟ್ಟು ಕೈಬಿಡು. ಲ್ಯಾಬ್ ನೋಡಿಕೊಳ್ಳುವವರಿಗೆ ಇದು ಬಲು ಆಕರ್ಷಕವಾಗಿ ಕಾಣುತ್ತದೆ, ಯಾವ ಯಂತ್ರವೂ ನಿಲ್ಲುವುದಿಲ್ಲವಲ್ಲ. ಒಳಗೆ ನಡೆಯುವುದು ಬೇರೆ. ಪ್ರೋಗ್ರಾಮ್ ಬರೆದ ಡೇಟಾ ಮೊದಲು ಮೆಮೊರಿಯ ಪುಟಗಳಲ್ಲಿ ಕೂರುತ್ತದೆ, ‘ಬರೆದಾಯಿತು’ ಎಂಬ ಉತ್ತರ ಆಗಲೇ ಪ್ರೋಗ್ರಾಮಿಗೆ ಹೋಗಿರುತ್ತದೆ. ಸರ್ವರಿಗೆ ಕಳಿಸುವ ಕೆಲಸ ಆಮೇಲೆ. ಆಗ ಸ್ವಿಚ್ ಸತ್ತರೆ ದೋಷ ಹೇಳಲು ಉಳಿದಿರುವ ಜಾಗ ಎಫ್‌ಸಿಂಕ್ (‘ಈಗಲೇ ಡಿಸ್ಕಿಗೆ ಇಳಿಸು’) ಅಥವಾ ಕ್ಲೋಸ್ (‘ಫೈಲ್ ಮುಚ್ಚು’) ಎಂಬ ಕರೆಗಳು ಮಾತ್ರ. ಕ್ಲೋಸ್ ಏನು ಹಿಂತಿರುಗಿಸಿತು ಎಂದು ನೋಡುವ ಪ್ರೋಗ್ರಾಮುಗಳು ಅಪರೂಪ. 10 ಎಂಬಿ ಫೈಲಿನ ನಡುವಿನ ಒಂದು ತುಂಡು ಸೊನ್ನೆಗಳಾಗಿ ಉಳಿಯುತ್ತದೆ, ಯಾರೂ ಕೂಗುವುದಿಲ್ಲ, ವಾರದ ಮೇಲೆ ಪ್ರಾಜೆಕ್ಟ್ ರಿಪೋರ್ಟ್ ತೆರೆದಾಗ ಗೊತ್ತಾಗುತ್ತದೆ. ಹೋಮ್ ಡೈರೆಕ್ಟರಿಗೆ ಸಾಫ್ಟ್ ಹಾಕುವುದು ತಪ್ಪು ಎಂದು ಇಲ್ಲಿ ಅನುಮಾನವಿಲ್ಲದೆ ಹೇಳಬಹುದು.

1995ರ ಮೂರನೇ ಆವೃತ್ತಿ ವೇಗ ತಂದಿತು, ಜೊತೆಗೆ ಈ ಗಂಟನ್ನೂ ಬಿಗಿ ಮಾಡಿತು. ಅಲ್ಲಿಯ ತನಕ ಸರ್ವರ್ ಡಿಸ್ಕಿಗೆ ಬರೆದ ಮೇಲಷ್ಟೇ ಉತ್ತರ ಕೊಡಬೇಕಿತ್ತು. ಮೂರನೇ ಆವೃತ್ತಿಯಲ್ಲಿ ‘ಬಂತು, ಇನ್ನೂ ಡಿಸ್ಕಿಗೆ ಇಳಿಸಿಲ್ಲ’ ಎನ್ನಬಹುದು, ಕ್ಲೈಂಟ್ ಆಮೇಲೆ ಕಮಿಟ್ ಕಳಿಸಿ ಖಾತ್ರಿ ಮಾಡಿಕೊಳ್ಳುತ್ತದೆ. ಉತ್ತರದ ಜೊತೆ 8 ಬೈಟಿನ ಗುರುತೊಂದು ಬರುತ್ತದೆ. ಸರ್ವರ್ ರೀಬೂಟ್ ಆದರೆ ಆ ಗುರುತು ಬದಲಾಗುತ್ತದೆ, ಬದಲಾದದ್ದು ಕಂಡರೆ ಕಮಿಟ್ ಆಗದ ಎಲ್ಲವನ್ನೂ ಕ್ಲೈಂಟ್ ಮತ್ತೆ ಕಳಿಸಬೇಕು. ಎಂದರೆ ಕಮಿಟ್ ಆಗುವ ತನಕ ಆ ಪುಟಗಳನ್ನು ಮೆಮೊರಿಯಿಂದ ಬಿಡುವ ಹಾಗಿಲ್ಲ.

ಮೆಮೊರಿ ತುಂಬಿದಾಗ ಇದು ಕುತ್ತಿಗೆಗೆ ಬರುತ್ತದೆ. ಮೆಮೊರಿ ಖಾಲಿ ಮಾಡಲು ಪುಟಗಳನ್ನು ಸರ್ವರಿಗೆ ಕಳಿಸಬೇಕು, ಕಳಿಸಲು ವಿನಂತಿಯ ರಚನೆಗೆ, ಸಂಪರ್ಕದ ತುದಿಯಾದ ಸಾಕೆಟ್ಟಿಗೆ ಮತ್ತೆ ಮೆಮೊರಿ ಬೇಕು. ಅದಕ್ಕೇ ಕ್ಲೈಂಟ್ ಮೊದಲೇ ಒಂದಿಷ್ಟು ಕಾಪಿಟ್ಟುಕೊಳ್ಳುತ್ತದೆ: ಬರಹಕ್ಕೆ 32 ವಿನಂತಿ, ಕಮಿಟ್‌ಗೆ 4. ಈ ದಾರಿಯಲ್ಲಿ ಮೆಮೊರಿ ಕೇಳುವ ಕೋಡು ‘ಫೈಲ್ ಸಿಸ್ಟಮ್ಮಿಗೆ ಮರಳಿ ಹೋಗಬೇಡ’ ಎಂಬ ಸೂಚನೆ ಸೇರಿಸಿಯೇ ಕೇಳಬೇಕು. ಹೊಸಬರ ಪ್ಯಾಚ್ (ಕೋಡಿನ ತಿದ್ದುಪಡಿ) ಇಲ್ಲಿ ಎಡವುವುದು ಸುಲಭ. ಸೂಚನೆ ಮರೆತ ಕೋಡು 16 ಜಿಬಿ ಮೆಮೊರಿಯ ಯಂತ್ರದಲ್ಲಿ ಸಲೀಸಾಗಿ ಓಡಿ, 2 ಜಿಬಿಯ ಹಳೆಯ ಯಂತ್ರದಲ್ಲಿ ದೊಡ್ಡ ಫೈಲ್ ಬರೆಯುವಾಗ ತನ್ನನ್ನೇ ತಾನು ಕಾಯುತ್ತ ನಿಲ್ಲುತ್ತದೆ. ಸತ್ತ ಸರ್ವರಿನ ಬಾಕಿ ಪುಟಗಳು ಸ್ಥಳೀಯ ಡಿಸ್ಕಿಗೆ ಬರೆಯುವವರನ್ನೂ ತಡೆಯುವ ಕಾಲ ಒಂದಿತ್ತು. ಬಾಕಿಯ ಮಿತಿಯನ್ನು ಸಾಧನಕ್ಕೊಂದರಂತೆ ಬೇರ್ಪಡಿಸಿದ 2.6.24 ಕರ್ನಲ್ ಅದನ್ನು ಬಹುಮಟ್ಟಿಗೆ ಸರಿಮಾಡಿತು.

ಯುಡಿಪಿ ಕಥೆ ಸ್ವಲ್ಪ ಪಕ್ಕದ್ದು, ಆದರೆ ಬಿಡಲು ಮನಸ್ಸಾಗುವುದಿಲ್ಲ. ಮೊದಲ ದಿನಗಳಲ್ಲಿ ಎನ್‌ಎಫ್‌ಎಸ್ ಓಡುತ್ತಿದ್ದದ್ದು ಯುಡಿಪಿ ಮೇಲೆ, ಎಂದರೆ ತಲುಪಿತೋ ಇಲ್ಲವೋ ನೋಡದೆ ಪ್ಯಾಕೆಟ್ ಕಳಿಸುವ ವಿಧಾನದ ಮೇಲೆ. 8 ಕೆಬಿ ಉತ್ತರವೊಂದು 1500 ಬೈಟಿನ ಈಥರ್ನೆಟ್ಟಿನಲ್ಲಿ 6 ತುಂಡಾಗಿ ಹೋಗುತ್ತದೆ, ಆರಕ್ಕೂ ಒಂದೇ 16 ಬಿಟ್ ಗುರುತಿನ ಸಂಖ್ಯೆ. ಅಂಥ ಸಂಖ್ಯೆಗಳು ಇರುವುದೇ 65,536. ಗಿಗಾಬಿಟ್ ಲೈನಿನಲ್ಲಿ ಸೆಕೆಂಡಿಗೆ ಸುಮಾರು 15,000 ಇಂಥ ಉತ್ತರಗಳು ಹರಿಯಬಲ್ಲವು, ಆದ್ದರಿಂದ ನಾಲ್ಕೈದು ಸೆಕೆಂಡಿಗೆ ಸಂಖ್ಯೆಗಳು ಮೊದಲಿನಿಂದ ಶುರುವಾಗುತ್ತವೆ. ಕಳೆದ ತುಂಡಿಗಾಗಿ ಲಿನಕ್ಸ್ ಕಾಯುವುದು 30 ಸೆಕೆಂಡ್. ಅಷ್ಟರಲ್ಲಿ ಬೇರೆ ಉತ್ತರದ ತುಂಡು ಅದೇ ಸಂಖ್ಯೆ ಹೊತ್ತು ಬಂದು ಹಳೆಯದರ ಜೊತೆ ಅಂಟಿಕೊಳ್ಳಬಹುದು. ಈ ತಪ್ಪನ್ನು ಹಿಡಿಯಬೇಕಾದ ಚೆಕ್‌ಸಮ್ ಎಂಬ ತಾಳೆಸಂಖ್ಯೆಯೂ 16 ಬಿಟ್ಟಿನದೇ, ಆಗೊಮ್ಮೆ ಈಗೊಮ್ಮೆ ತಪ್ಪಿಸಿಕೊಳ್ಳುತ್ತದೆ. ಕೋಡಿನಲ್ಲಿ ಒಂದು ಸಾಲೂ ತಪ್ಪಿಲ್ಲ, ಫೈಲ್ ಮಾತ್ರ ಕೆಟ್ಟಿದೆ. ನೆಟ್‌ವರ್ಕ್ ವೇಗ ಹೆಚ್ಚಿದ್ದರಿಂದಲೇ ಹುಟ್ಟಿದ ರೋಗವಿದು. 2020ರ 5.6 ಕರ್ನಲ್ಲಿನಿಂದ ಬೇಕೆಂದು ಆರಿಸಿಕೊಳ್ಳದಿದ್ದರೆ ಯುಡಿಪಿ ಬೆಂಬಲ ಮುಚ್ಚಿರುತ್ತದೆ.

ಮತ್ತೆ ಲ್ಯಾಬಿಗೆ ಬರೋಣ. ಪ್ರೋಗ್ರಾಮುಗಳ ಪಟ್ಟಿ ಕೊಡುವ ಪಿಎಸ್ ಆಜ್ಞೆ ಕೊಟ್ಟರೆ ನಿಂತ ಪ್ರೋಗ್ರಾಮುಗಳ ಎದುರು ‘ಡಿ’ ಅಕ್ಷರ ಕಾಣುತ್ತದೆ, ಅಡ್ಡಿಪಡಿಸಲಾಗದ ನಿದ್ದೆ ಎಂದು ಅರ್ಥ. ಡಿಸ್ಕ್ ಕೆಲಸ ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದ್ದ ಯುನಿಕ್ಸ್ ಕಾಲದಲ್ಲಿ ಈ ನಿದ್ದೆಯನ್ನು ಕೆಡಿಸುವ ಅಗತ್ಯ ಬಂದಿರಲಿಲ್ಲ. ಎನ್‌ಎಫ್‌ಎಸ್‌ನಲ್ಲಿ ಅದು ಗಂಟೆಗಟ್ಟಲೆ ಹಿಡಿಯತೊಡಗಿತು. ‘ಇಂಟರ್’ ಎಂಬ ಮೌಂಟ್ ಆಯ್ಕೆ ಹಾಕಿ ಸಿಗ್ನಲ್ಲಿಗೆ (ಪ್ರೋಗ್ರಾಮಿಗೆ ಹೊರಗಿನಿಂದ ಕಳಿಸುವ ಸೂಚನೆಗೆ) ಎಬ್ಬಿಸಬಹುದಿತ್ತು, ಆದರೆ ಸಾದಾ ಫೈಲ್ ಓದುವಾಗ ನಡುವೆ ಅಡ್ಡಿ ಬರಬಹುದೆಂದು ಎಣಿಸಿ ಬರೆದ ಪ್ರೋಗ್ರಾಮುಗಳು ಕಡಿಮೆ. ಅರ್ಧ ಓದಿದ್ದನ್ನೇ ಪೂರ್ತಿ ಎಂದು ನಂಬಿ ಮುಂದೆ ಹೋಗುವ ಅಪಾಯವಿತ್ತು.

2008ರ ಏಪ್ರಿಲ್‌ನಲ್ಲಿ ಬಂದ 2.6.25 ಕರ್ನಲ್ ಇದಕ್ಕೊಂದು ಜಾಣ ದಾರಿ ಹುಡುಕಿತು. ಕರ್ನಲ್ ಕೋಡು ಬರೆಯುವ ಮ್ಯಾಥ್ಯೂ ವಿಲ್ಕಾಕ್ಸ್ ಸೇರಿಸಿದ ‘ಟಾಸ್ಕ್ ಕಿಲಬಲ್’ ಎಂಬ ಸ್ಥಿತಿಯಲ್ಲಿ ಕಿಲ್ -9ರಂಥ ಪ್ರಾಣ ತೆಗೆಯುವ ಸಿಗ್ನಲ್ ಮಾತ್ರ ನಿದ್ದೆ ಕೆಡಿಸುತ್ತದೆ. ಸಾಯಲಿರುವ ಪ್ರೋಗ್ರಾಮ್ ಅರ್ಧ ಉತ್ತರವನ್ನು ನೋಡಲು ಬದುಕಿರುವುದಿಲ್ಲ, ಹಾಗಾಗಿ ಅದು ಮೋಸಹೋಗುವ ಪ್ರಶ್ನೆಯೇ ಏಳದು. ಇಂಟರ್ ಆಯ್ಕೆ ಅಂದಿನಿಂದ ಹೆಸರಿಗಷ್ಟೇ. ಈಗಲೂ ಮೌಂಟ್ ಸಾಲುಗಳಲ್ಲಿ ಅದನ್ನು ನಕಲು ಮಾಡಿಕೊಂಡು ಬರುವವರಿದ್ದಾರೆ, ಕರ್ನಲ್ ಅದನ್ನು ಸುಮ್ಮನೆ ಕಡೆಗಣಿಸುತ್ತದೆ.

ಆದರೂ ಕಿಲ್ -9ಕ್ಕೆ ಬಗ್ಗದ ಪ್ರೋಗ್ರಾಮುಗಳು ಸಿಗುತ್ತವೆ. ಸರ್ವರಿನ ಉತ್ತರಕ್ಕೆ ಕಾಯುವವನು ಫೈಲಿನ ಲಾಕ್ (ಒಮ್ಮೆಗೆ ಒಬ್ಬರಿಗಷ್ಟೇ ಸಿಗುವ ಬೀಗ) ಹಿಡಿದು ಕೂತಿರುತ್ತಾನೆ, ಅವನ ಹಿಂದೆ ಆ ಲಾಕಿಗೆ ಕಾಯುವವರ ನಿದ್ದೆ ಇನ್ನೂ ಹಳೆಯ ಬಗೆಯದು. 120 ಸೆಕೆಂಡ್ ದಾಟಿದಾಗ ದೂರು ಹೇಳುವ ಕರ್ನಲ್ಲಿನ ಕಾವಲುಗಾರ ಕಿಲಬಲ್ ಸ್ಥಿತಿಯವರನ್ನು ಬೇಕೆಂದೇ ಬಿಟ್ಟುಬಿಡುತ್ತಾನೆ. ಎನ್‌ಎಫ್‌ಎಸ್‌ಗೆ ಕಾಯುವವರನ್ನು ಬಿಡಲೆಂದೇ ಹೀಗೆ ಮಾಡಿದೆ ಎಂಬ ಟಿಪ್ಪಣಿ ಆ ಕೋಡಿನಲ್ಲೇ ಇತ್ತು. ಪರಿಣಾಮವಾಗಿ ಲಾಗಿನಲ್ಲಿ ಬೈಗುಳ ತಿನ್ನುವವರು ಸಾಲಿನಲ್ಲಿ ಹಿಂದೆ ನಿಂತವರು, ಮುಂದೆ ನಿಂತ ಮೂಲ ಪುರುಷನ ಹೆಸರೇ ಇರುವುದಿಲ್ಲ. ಅವನನ್ನು ಹುಡುಕಲು ಡಿ ಸ್ಥಿತಿಯ ಪ್ರತಿ ಪ್ರಾಸೆಸ್ಸಿನ ಸ್ಟ್ಯಾಕ್ ಫೈಲನ್ನು (ಅದು ಯಾವ ಫಂಕ್ಷನ್ನಿನಲ್ಲಿ ನಿಂತಿದೆ ಎಂಬ ಪಟ್ಟಿ) ಪ್ರಾಕ್ ಡೈರೆಕ್ಟರಿಯಲ್ಲಿ ತೆರೆದು ನೋಡಬೇಕು. ಮೇಲಿನ ಸಾಲುಗಳಲ್ಲಿ ‘ಆರ್‌ಪಿಸಿ ವೇಟ್ ಬಿಟ್ ಕಿಲಬಲ್’ ಎಂಬ ಫಂಕ್ಷನ್ ಕಂಡರೆ ಅವನೇ. ಅವನನ್ನು ಕೊಂದರೆ ಸಾಲು ಒಂದು ಹೆಜ್ಜೆ ಮುಂದೆ ಸರಿಯುತ್ತದೆ, ಮುಂದಿನವನು ಬಂದು ಅದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾನೆ. ಬಲವಂತದ ಅನ್‌ಮೌಂಟ್ ಕೂಡ ಆ ಕ್ಷಣ ಬಾಕಿ ಇರುವ ವಿನಂತಿಗಳನ್ನು ಮಾತ್ರ ಕೊಲ್ಲುತ್ತದೆ, ಎರಡು ಮೂರು ಸಲ ಹೊಡೆಯಬೇಕಾಗುವುದು ಅದಕ್ಕೇ. ‘ಲೇಝಿ’ ಅನ್‌ಮೌಂಟ್ ಹೆಸರನ್ನು ಮರದಿಂದ ಕಿತ್ತುಹಾಕುತ್ತದೆ ಅಷ್ಟೇ, ಒಳಗಿನ ರಚನೆ ಹಾಗೇ ಉಳಿದಿರುತ್ತದೆ. ಅದೇ ಸರ್ವರನ್ನು ಮತ್ತೆ ಮೌಂಟ್ ಮಾಡಿದರೆ ಹಳೆಯ ಸತ್ತ ರಚನೆಗೇ ಹೋಗಿ ಅಂಟಿಕೊಳ್ಳಬಹುದು.

ನಾಲ್ಕನೇ ಆವೃತ್ತಿಯಲ್ಲಿ ಸರ್ವರ್ ನೆನಪಿಟ್ಟುಕೊಳ್ಳಲು ಶುರುಮಾಡಿತು. ಲಾಕುಗಳಿಗೆ ಗುತ್ತಿಗೆಯ ಅವಧಿ ಇದೆ, ಲಿನಕ್ಸ್ ಸರ್ವರಿನಲ್ಲಿ ಸಾಮಾನ್ಯವಾಗಿ 90 ಸೆಕೆಂಡ್. ನಮ್ಮ ಸ್ವಿಚ್ 10 ನಿಮಿಷ ಸತ್ತಿದ್ದರೆ ಗುತ್ತಿಗೆ ಮುಗಿದಿರುತ್ತದೆ, ಲಾಕ್ ಹೋಗಿರುತ್ತದೆ. ಬೇರೆಯವರು ಆ ನಡುವೆ ಫೈಲ್ ಬದಲಿಸಿರಬಹುದಾದ್ದರಿಂದ ಕ್ಲೈಂಟ್ ಲಾಕನ್ನು ಸದ್ದಿಲ್ಲದೆ ಮರಳಿ ಪಡೆಯದೆ ದೋಷ ಕೊಡುತ್ತದೆ. 2022ರ 5.19 ಕರ್ನಲ್ಲಿನಿಂದ ಸರ್ವರ್ ಸ್ವಲ್ಪ ಸೌಜನ್ಯ ಕಲಿತಿದೆ: ಬೇರೆ ಯಾರೂ ಆ ಲಾಕ್ ಕೇಳದಿದ್ದರೆ ಗುತ್ತಿಗೆ ಮುಗಿದರೂ ಇಟ್ಟುಕೊಂಡಿರುತ್ತದೆ.

ಇಂಥ ಕೋಡನ್ನು ರಿಪೇರಿ ಮಾಡುವಾಗ ‘ಸರ್ವರ್ ಸತ್ತಿದೆ’ ಎಂಬುದನ್ನು ಒಂದೇ ಬಗೆಯಲ್ಲಿ ಪರೀಕ್ಷಿಸಿದರೆ ಸಾಲದು. ಫೈರ್‌ವಾಲಿನಲ್ಲಿ ಎನ್‌ಎಫ್‌ಎಸ್ ಬಳಸುವ 2049ನೇ ಪೋರ್ಟನ್ನು ಸದ್ದಿಲ್ಲದೆ ನುಂಗಿಸುವುದು ಒಂದು, ಎನ್‌ಎಫ್‌ಎಸ್ ಸೇವೆಯನ್ನಷ್ಟೇ ನಿಲ್ಲಿಸುವುದು ಇನ್ನೊಂದು, ಕೇಬಲ್ ಕೀಳುವುದು ಮತ್ತೊಂದು. ಎರಡನೆಯದರಲ್ಲಿ ಸಂಪರ್ಕ ನಿರಾಕರಣೆ ಕೂಡಲೇ ಬರುತ್ತದೆ, ಮೊದಲನೆಯದರಲ್ಲಿ ಏನೂ ಬರುವುದಿಲ್ಲ. ಮೂರರಲ್ಲೂ ದೊಡ್ಡ ಫೈಲ್ ಬರೆಯುತ್ತಿರುವಾಗಲೇ ಐದು ನಿಮಿಷ ತಡೆದು, ಬಿಟ್ಟು, ಎರಡೂ ಕಡೆಯ ಚೆಕ್‌ಸಮ್ ಹೋಲಿಸಬೇಕು. ಹಳೆಯ ಕರ್ನಲ್ಲಿನಲ್ಲಿ ಇಲ್ಲದ ದೋಷ ಹೊಸದರಲ್ಲಿ ಕಂಡರೆ ತಪ್ಪು ತಂದ ಬದಲಾವಣೆಯನ್ನು ಹುಡುಕಿಕೊಡುವ ಗಿಟ್ ಬೈಸೆಕ್ಟ್ ಇದೆ. ಎರಡು ಬಿಡುಗಡೆಗಳ ನಡುವೆ 14,000 ಬದಲಾವಣೆಗಳಿದ್ದರೂ ಅರ್ಧರ್ಧ ಕತ್ತರಿಸುತ್ತ 14 ಬಿಲ್ಡಿನಲ್ಲಿ ಅಪರಾಧಿಯ ಹತ್ತಿರ ಬರಬಹುದು. ಕೈಕೊಡುವುದು ‘ಹತ್ತರಲ್ಲಿ ಮೂರು ಸಲ ಮಾತ್ರ’ ನಿಲ್ಲುವ ದೋಷ. ಒಂದು ಸಲ ನಿಲ್ಲಲಿಲ್ಲ ಎಂದು ‘ಸರಿ ಇದೆ’ ಎಂದು ಗುರುತಿಸಿದರೆ ಉಳಿದ ಎಲ್ಲ ಹೆಜ್ಜೆಗಳೂ ತಪ್ಪು ಕಡೆಗೆ ಹೋಗುತ್ತವೆ. ಪ್ರತಿ ಬಿಲ್ಡಿಗೂ ಹತ್ತು ಹನ್ನೆರಡು ಓಟ ಬೇಕು. ಸಿಕ್ಕ ಮೇಲೆ ಪ್ಯಾಚಿನ ಕೊನೆಯಲ್ಲಿ ‘ಫಿಕ್ಸಸ್’ ಸಾಲು, ತಪ್ಪು ತಂದ ಬದಲಾವಣೆಯ ಗುರುತಿನ ಮೊದಲ 12 ಅಕ್ಷರಗಳೊಂದಿಗೆ. ಕ್ಲೈಂಟನ್ನು ನೋಡಿಕೊಳ್ಳುವ ಟ್ರಾಂಡ್ ಮಿಕ್ಲೆಬಸ್ಟ್, ಆ್ಯನಾ ಶುಮೇಕರ್ ಅವರ ಮೂಲಕ ಅದು ಮುಖ್ಯ ಕರ್ನಲ್ಲಿಗೆ ಸೇರಿದ ಮೇಲಷ್ಟೇ ಹಳೆಯ ಸ್ಥಿರ ಕರ್ನಲ್ಲುಗಳಿಗೆ ಇಳಿಯುತ್ತದೆ.

ಲ್ಯಾಬಿನವರ ಕೈಯಲ್ಲಿರುವುದು ಮೌಂಟ್ ಆಯ್ಕೆಗಳು. ಹೋಮ್ ಡೈರೆಕ್ಟರಿಗೆ ಹಾರ್ಡ್. ಓದಲು ಮಾತ್ರ ಇರುವ ಸಾಫ್ಟ್‌ವೇರ್ ಡೈರೆಕ್ಟರಿಗೆ ‘ಸಾಫ್ಟ್‌ಎರ್’ ಹಾಕಬಹುದು, ಸಮಯ ಮೀರಿತು ಎಂಬ ಸ್ಪಷ್ಟ ದೋಷವನ್ನಾದರೂ ಕೊಡುತ್ತದೆ. ಉತ್ತರಕ್ಕೆ ಎಷ್ಟು ಕಾಯಬೇಕೆಂದು ಹೇಳುವ ‘ಟೈಮಿಯೊ’ ಅಂಕಿ ಸೆಕೆಂಡಿನ ಹತ್ತನೇ ಭಾಗದಲ್ಲಿ ಇರುತ್ತದೆ, 600 ಎಂದರೆ 60 ಸೆಕೆಂಡ್. 6 ಸೆಕೆಂಡ್ ಆಗುತ್ತದೆ ಅಂದುಕೊಂಡು ಬರೀ 6 ಎಂದು ಬರೆದವರ ಲ್ಯಾಬಿನಲ್ಲಿ ಸ್ವಲ್ಪ ಲೋಡ್ ಏರಿದರೂ ವಿನಂತಿಗಳು ಎರಡೆರಡು ಸಲ ಹೋಗಬಹುದು. ಮೆಟ್ಟಿಲ ಪಕ್ಕದ ಸ್ವಿಚ್ಚಿಗೆ ಯುಪಿಎಸ್ ಲೈನ್ ಎಳೆಯುವುದು ಇವೆಲ್ಲಕ್ಕಿಂತ ಮೊದಲು. ಇನ್ನು ಸರ್ವರೇ ಬಿದ್ದು ಎದ್ದಿದ್ದರೆ, ಅದು 90 ಸೆಕೆಂಡಿನ ತನಕ ಹಳೆಯ ಗಿರಾಕಿಗಳು ತಮ್ಮ ಲಾಕ್ ಮರಳಿ ಪಡೆಯಲೆಂದು ಕಾಯುತ್ತದೆ, ಹೊಸದಾಗಿ ಫೈಲ್ ತೆರೆಯಲು ಬಿಡುವುದಿಲ್ಲ. ಕರೆಂಟ್ ಬಂದರೂ ಲ್ಯಾಬ್ ಇನ್ನೂ ಅಲ್ಲಾಡುತ್ತಿಲ್ಲವೆಂದು ಆಗ ಸರ್ವರನ್ನು ಇನ್ನೊಮ್ಮೆ ರೀಬೂಟ್ ಮಾಡಿದರೆ ಆ 90 ಸೆಕೆಂಡ್ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.